ಹಕ್ಕಿಯ ರಕ್ತದಲ್ಲಿರುವ ಪಟ್ಟಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ರಾಸಾಯನಿಕ ಮಾಲಿನ್ಯದ ಮಾತೆತ್ತಿದಾಗಲೆಲ್ಲ ನಿಮ್ಮ ಕಚೇರಿ ನಿಷೇಧಿತ ವಸ್ತುಗಳ ಪಟ್ಟಿಯನ್ನು ಮುಂದಿಡುತ್ತದೆ. ಪಟ್ಟಿ ಸರಿಯಾಗಿಯೇ ಇದೆ. ಹಕ್ಕಿಗಳ ರಕ್ತದಲ್ಲಿರುವುದು ಮಾತ್ರ ಅದಕ್ಕಿಂತ ಉದ್ದದ ಪಟ್ಟಿ.

ಕೀಟನಾಶಕ ಡಿಡಿಟಿಯನ್ನು ಹುಡುಕುತ್ತಿದ್ದ ಸ್ವೀಡನ್ನಿನ ವಿಜ್ಞಾನಿ ಸೋರೆನ್ ಯೆನ್ಸೆನ್ ಅವರಿಗೆ ಸತ್ತ ಹದ್ದೊಂದರಲ್ಲಿ ಸಿಕ್ಕಿದ್ದು ಪಿಸಿಬಿ, ಟ್ರಾನ್ಸ್‌ಫಾರ್ಮರ್‌ಗಳಿಗೆ ತುಂಬುತ್ತಿದ್ದ ಎಣ್ಣೆ. ಸಂಗ್ರಹಾಲಯದಲ್ಲಿದ್ದ 1940ರ ದಶಕದ ಗರಿಗಳಲ್ಲೂ ಅದೇ. ಕೊನೆಗೆ ತಮ್ಮ ಮನೆಯವರ ತಲೆಗೂದಲಲ್ಲೂ ಅದೇ! 1929ರಿಂದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ವಸ್ತುವಿನ ಈ ಗುಟ್ಟು ಹೊರಬಿದ್ದದ್ದು 1966ರಲ್ಲಿ.

ಈಗ ಪಿಎಫ್‌ಎಎಸ್ ಎಂಬ ಫ್ಲೋರಿನ್‌ಯುಕ್ತ ರಾಸಾಯನಿಕಗಳ ಕುಟುಂಬದ ಸರದಿ. ಅಗ್ನಿಶಾಮಕ ನೊರೆ, ತಳಹಿಡಿಯದ ಬಾಣಲೆ, ನೀರು ಸೋಕದ ಬಟ್ಟೆ ಎಲ್ಲದರಲ್ಲೂ ಇವುಗಳ ಬಳಕೆಯಿದೆ. ಇಂಗಾಲ ಮತ್ತು ಫ್ಲೋರಿನ್‌ಗಳ ಬೆಸುಗೆಯನ್ನು ಬಿಸಿಲೂ ಸೂಕ್ಷ್ಮಾಣುಗಳೂ ಸುಲಭವಾಗಿ ಬಿಡಿಸಲಾರವು. ಪಿಸಿಬಿ ಕೊಬ್ಬಿನಲ್ಲಿ ಅಡಗಿ ಕೂರುತ್ತದೆ. ವಲಸೆಯ ದಣಿವಿನಲ್ಲಿ ಕೊಬ್ಬು ಕರಗಿದಾಗ ರಕ್ತಕ್ಕಿಳಿಯುತ್ತದೆ. ಪಿಎಫ್‌ಎಎಸ್ ಕುಟುಂಬದ ಪಿಎಫ್‌ಒಎಸ್‌ನ ದಾರಿ ಬೇರೆ. ಅದು ಪ್ರೋಟೀನಿಗೆ ಅಂಟಿಕೊಂಡು ರಕ್ತ, ಯಕೃತ್ತುಗಳನ್ನು ಸೇರಿ, ಅಲ್ಲಿಂದ ಮೊಟ್ಟೆಯ ಹಳದಿಗೆ ದಾಟುತ್ತದೆ. ಮರಿ ಕಣ್ಣು ಬಿಡುವ ಮೊದಲೇ ತಾಯಿಯ ಸಾಲಕ್ಕೆ ವಾರಸುದಾರ. ಕಾರ್ಖಾನೆಯ ಸುಳಿವೇ ಇಲ್ಲದ ನಡುಗಡಲಿನ ಆಲ್ಬಟ್ರಾಸ್‌ಗಳಲ್ಲೂ ಅದಿರುವುದು 2001ರಲ್ಲೇ ಪ್ರಕಟವಾಗಿತ್ತು.

ನಮ್ಮ ವೇಗ ನೋಡಿ. ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, 2022ರಲ್ಲಿ ಪಿಎಫ್‌ಎಚ್‌ಎಕ್ಸ್‌ಎಸ್ ಸೇರಿದವು. ಕುಟುಂಬದಲ್ಲಿ ಸಾವಿರಾರು ಸದಸ್ಯರಿದ್ದಾರೆ. ಅಣ್ಣನನ್ನು ತಡೆದರೆ ಉದ್ಯಮವು ಒಂದೆರಡು ಇಂಗಾಲ ಕಡಿಮೆಯಿರುವ ತಮ್ಮನನ್ನು ಕರೆತರುತ್ತದೆ. ಇಡೀ ಕುಟುಂಬವನ್ನೇ ನಿರ್ಬಂಧಿಸುವ ಪ್ರಸ್ತಾವವನ್ನು ಯುರೋಪಿನ ಐದು ದೇಶಗಳು 2023ರಲ್ಲಿ ಮಂಡಿಸಿವೆ. ನೀವೂ ಹಾಗೆಯೇ ಮಾಡಿ. ಶಸ್ತ್ರಚಿಕಿತ್ಸೆಯ ಸಲಕರಣೆಗೆ ಕಾಲಾವಕಾಶ ಕೇಳಿದರೆ ನಾನು ತಕರಾರು ಮಾಡುವುದಿಲ್ಲ. ಮಳೆಯಂಗಿಗೂ ಅದೇ ರಿಯಾಯಿತಿ ಏಕೆ?

ಇನ್ನೊಂದು ಬೇಡಿಕೆ ಚಿಕ್ಕದು: ಹಕ್ಕಿಗಳ ಮೊಟ್ಟೆಗಳನ್ನು ಶೀತಲಾಗಾರದಲ್ಲಿ ಕಾದಿಡಿ. ಕೆನಡಾದವರು ಮಹಾಸರೋವರಗಳ ಕಡಲಕಾಗೆಗಳ ಮೊಟ್ಟೆಗಳನ್ನು 1970ರ ದಶಕದಿಂದ ಹೀಗೆ ಕೂಡಿಟ್ಟಿದ್ದಾರೆ. ಬೆಂಕಿನಿರೋಧಕ ಬ್ರೋಮಿನ್ ಸಂಯುಕ್ತಗಳ ಬಗ್ಗೆ ಅನುಮಾನ ಬಂದಾಗ ಹಳೆಯ ಮೊಟ್ಟೆಗಳನ್ನು ತೆಗೆದು ಪರೀಕ್ಷಿಸಿದರು. 1981ರಿಂದ 2000ದವರೆಗೆ ಪ್ರಮಾಣ ಕೆಲವೇ ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗಿತ್ತು. ಹೆಸರೇ ಗೊತ್ತಿಲ್ಲದ ವಿಷಕ್ಕೂ ಹೀಗೆ ಸಾಕ್ಷಿ ಉಳಿಯುತ್ತದೆ.

ಈ ಎರಡಕ್ಕೂ ದಿನಾಂಕ ಸಹಿತ ಉತ್ತರ ಕೊಡಿ. ನಿಷೇಧಿತ ವಸ್ತುಗಳ ಪಟ್ಟಿಯನ್ನು ಮತ್ತೆ ಲಗತ್ತಿಸುವುದು ಬೇಡ, ನನ್ನ ಬಳಿ ಇದೆ.

ಇಂತಿ,
ಒಬ್ಬ ಹಕ್ಕಿ ವೀಕ್ಷಕ