ಬಂದೂಕಿಗೆ ಲೈಸೆನ್ಸ್ ಕೊಡುತ್ತೀರಿ, ರಿಪೇರಿಗೆ ಎಲ್ಲಿ ಹೋಗೋಣ?

ಮಾನ್ಯ ಸಂಪಾದಕರೇ,

ಹಳೇ ಬಂದೂಕು ಇಟ್ಟುಕೊಂಡವರೆಲ್ಲ ಅದನ್ನು ಠಾಣೆಗೆ ಒಪ್ಪಿಸಿಬಿಡಲಿ, ಈ ಕಾಲದಲ್ಲಿ ಅದೆಲ್ಲ ಯಾಕೆ ಅಂತ ಓದುಗರೊಬ್ಬರು ಬರೆದಿದ್ದನ್ನು ಓದಿದೆ. ಅವರಿಗೆ ಗುಡ್ಡದ ಬುಡದಲ್ಲಿ ಹೊಲ ಇಲ್ಲ ಅಂತ ಕಾಣುತ್ತದೆ. ನಮ್ಮದು ಮಧುಗಿರಿ ತಾಲ್ಲೂಕು, ಎರಡು ಎಕರೆ ಕಡಲೆಕಾಯಿ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ಇಳಿಯುತ್ತವೆ. ಬೆಳಗ್ಗೆ ಹೋಗಿ ನೋಡಿದರೆ ಟಿಲ್ಲರ್ ಹೊಡೆದ ಹಾಗೆ ಮಣ್ಣು ಮಗುಚಿರುತ್ತದೆ.

ನಮ್ಮ ಮನೆಯಲ್ಲಿರುವುದು ತಾತನ .315 ರೈಫಲ್ (ಅದು ಬ್ಯಾರೆಲ್ ತೂತಿನ ಅಳತೆ, ಇಂಚಿನಲ್ಲಿ). ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯದು. .303 ಸೈನ್ಯದ ತೋಟಾ, ಅದನ್ನು ಜನರ ಕೈಗೆ ಕೊಡುತ್ತಿರಲಿಲ್ಲ, ಹಾಗಾಗಿ ಶಿಕಾರಿಯವರಿಗೆ ಈ .315. ಶಿಕಾರಿ ಕಾಲ 1972ರ ವನ್ಯಜೀವಿ ರಕ್ಷಣಾ ಕಾಯ್ದೆಗೇ ಮುಗಿಯಿತು, ಅದಕ್ಕೆ ನನ್ನ ತಕರಾರಿಲ್ಲ. ಈಗ ಇರುವುದು ಬೆಳೆ ರಕ್ಷಣೆಯ ಲೈಸೆನ್ಸ್. ಹಂದಿ ಹೊಡೆಯಬೇಕಾದರೂ ಅರಣ್ಯ ಇಲಾಖೆ ಅನುಮತಿ ಬೇಕು, ಆದ್ದರಿಂದ ನಾವು ಗುಡ್ಡದ ಮಣ್ಣಿಗೆ ಒಂದು ಗುಂಡು ಹಾರಿಸಿ ಸದ್ದು ಮಾಡುತ್ತೇವೆ ಅಷ್ಟೇ. ಸದ್ದಿಗೆ ಪಟಾಕಿ ಸಾಲದಾ ಅಂತ ಕೇಳಬಹುದು. ನಾಲ್ಕು ದಿನ ಸಾಕು, ಐದನೇ ದಿನ ಹಂದಿ ತಲೆ ಎತ್ತಿ ಕೂಡ ನೋಡುವುದಿಲ್ಲ. ಜೊತೆಗೆ ಅದು ತಾತನ ವಸ್ತು, ಬಿಡಲು ಮನಸ್ಸಿಲ್ಲ. ಸುಳ್ಳು ಯಾಕೆ ಹೇಳಲಿ.

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ರೈಫಲ್ ಠಾಣೆಯಲ್ಲಿಟ್ಟೆ. ಯಾವ ಠಾಣೆ ಅನ್ನುವುದು ಬೇಡ. ವಾಪಸ್ ತರಲು ಹೋದಾಗ ಬಂದೂಕುಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದರು, ನನ್ನದು ಕೆಳಗಿತ್ತು. ಹಿಂದಿನ ಮರದ ಹಿಡಿಯಲ್ಲಿ, ಕೈ ಹಿಡಿಯುವ ಸಣ್ಣ ಜಾಗದಲ್ಲೇ, ಉಗುರು ತೂರುವಷ್ಟು ಬಿರುಕು. ಎಲ್ಲಾ ತಪ್ಪೂ ಅವರದ್ದು ಅನ್ನಲಾರೆ. ಈ ಮಾದರಿಯಲ್ಲಿ ಮರ ಒಂದೇ ತುಂಡಲ್ಲ, ಹೆಗಲಿಗೆ ಕೊಡುವ ಹಿಂದಿನ ತುಂಡು ಬೇರೆ, ಅದರೊಳಗೆ ಹಾದುಹೋಗುವ ಒಂದು ಉದ್ದನೆ ಸ್ಕ್ರೂ ಅದನ್ನು ರೈಫಲ್ಲಿನ ಲೋಹದ ಬಾಡಿಯ ಜೊತೆ ಬಿಗಿದಿರುತ್ತದೆ. ನಮ್ಮ ಬಿಸಿಲಿಗೆ ಮರ ಒಣಗಿ ಕುಗ್ಗಿದರೆ ಸ್ಕ್ರೂ ಸಡಿಲ, ಆಮೇಲೆ ಹಾರಿಸಿದಾಗಲೆಲ್ಲ ಬಾಡಿ ಹಿಂದಕ್ಕೆ ಬಂದು ಮರಕ್ಕೆ ಗುದ್ದುತ್ತದೆ. ವರ್ಷಕ್ಕೊಮ್ಮೆ ಬಿಗಿ ಮಾಡಬೇಕಂತೆ. ನನಗೆ ಯಾರೂ ಹೇಳಿರಲಿಲ್ಲ.

ಬ್ಯಾರೆಲ್ ಕಥೆ ಇನ್ನೂ ಬೇಜಾರಿನದು. ಹಾರಿಸಿದ ರಾತ್ರಿಯೇ ತಾತ ಅದಕ್ಕೆ ಕೊತ ಕೊತ ಕುದಿಯುವ ನೀರು ಹೊಯ್ಯುತ್ತಿದ್ದರು. ಕಬ್ಬಿಣಕ್ಕೆ ಯಾರಾದರೂ ನೀರು ಹಾಕುತ್ತಾರಾ ಅಂತ ನಗುತ್ತಿದ್ದೆವು. ಅವರು ಹೋದ ಮೇಲೆ ಅಪ್ಪ ಬರೀ ಎಣ್ಣೆ ಒರೆಸಿ ಗೂಡಿಗೆ ಇಡುತ್ತಿದ್ದರು. ಹಳೇ ತೋಟಾಗಳ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಕೇಪು ಉರಿದರೆ ಒಳಗೆ ಉಪ್ಪು ಉಳಿಯುತ್ತದೆ, ಆ ಉಪ್ಪು ನೀರಿಗೆ ಕರಗುತ್ತದೆಯೇ ಹೊರತು ಎಣ್ಣೆಗಲ್ಲ. ಆ ಉಪ್ಪು ಎಣ್ಣೆಯ ಅಡಿಯಲ್ಲೇ ಕೂತು ತೇವ ಎಳೆದುಕೊಂಡು ಬ್ಯಾರೆಲ್ಲನ್ನು ತುಕ್ಕು ತಿಂದಿದೆ. ಬೆಳಕಿಗೆ ಹಿಡಿದು ನೋಡಿದರೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಜಾಗದಲ್ಲಿ ಸಿಡುಬಿನ ಕಲೆ ಥರ ಗುಳಿಗಳು. ಅಂದರೆ ಹಿಡಿಯೂ ಹೊಸದಾಗಬೇಕು, ಬ್ಯಾರೆಲ್ಲೂ ಹೊಸದಾಗಬೇಕು.

ಊರಿನ ಬಡಗಿ ಆಚಾರಿಗಳನ್ನು ಕೇಳಿದೆ. ಹೊನ್ನೆ ಹಲಗೆ ಇದೆ, ಆದರೆ ಮಾಡಲ್ಲ ಅಂದರು. ಮರದ ಎಳೆ ಹಿಡಿಯ ಸಣ್ಣ ಜಾಗದಲ್ಲಿ ಉದ್ದಕ್ಕೆ ಓಡಬೇಕು, ಅಡ್ಡ ಬಂದರೆ ಮೊದಲ ಹೊಡೆತಕ್ಕೇ ಮುರಿಯುತ್ತದೆ, ನೇಗಿಲಿಗೂ ಇದೇ ಲೆಕ್ಕ ಅಲ್ವಾ ಅಂತ ಬೆರಳಲ್ಲಿ ಗೀರಿ ತೋರಿಸಿದರು. ಕಾರ್ಖಾನೆಯವರು ಅಕ್ರೋಟು ಮರ ಹಾಕುವುದು ಅದು ಹಗುರ, ಬೇಗ ಸೀಳಲ್ಲ ಅಂತ. ಪುಣ್ಯಕ್ಕೆ ನಮ್ಮ ಆಚಾರಿಗಳು ತಿಳಿದವರು. ಲೇತ್ ಅಂಗಡಿಯೊಬ್ಬ ಮಾತ್ರ ಪೈಪ್ ತಂದುಕೊಡಿ, ಬ್ಯಾರೆಲ್ ಮಾಡಿಕೊಡ್ತೀನಿ ಅಂದ, ಪಂಪ್‌ಸೆಟ್ ರಿಪೇರಿ ಮಾಡಿದಷ್ಟು ಸಲೀಸಾಗಿ! ಪೈಪು ಸಿಡಿದರೆ ಹೋಗುವುದು ನನ್ನ ಮುಖ. ಅಸಲಿ ಬ್ಯಾರೆಲ್ ಹಾಕಿದರೂ ಅಷ್ಟಕ್ಕೇ ಮುಗಿಯುವುದಿಲ್ಲ. ತೋಟಾದ ಹಿಂಭಾಗಕ್ಕೂ ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟಿಗೂ ನಡುವಿನ ಸಂದನ್ನು ಗೇಜ್ ಹಾಕಿ ನೋಡಬೇಕು, ಅದು ಜಾಸ್ತಿಯಾದರೆ ತೋಟಾ ಒಡೆದು ಬೆಂಕಿ ಹಿಂದಕ್ಕೆ ನುಗ್ಗಬಹುದು. ಬ್ಯಾರೆಲ್ ಮೇಲಿನ ನಂಬರನ್ನೂ ಲೈಸೆನ್ಸಿನ ಜೊತೆ ತಾಳೆ ಮಾಡಿಸಬೇಕು.

ಕಾನೂನಂತೂ ಗಟ್ಟಿಯಾಗಿದೆ. ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡಿದರೆ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ ಜೈಲು, ಮೊದಲು 3 ವರ್ಷ ಇತ್ತು. ಸರಿ, ಇರಲಿ. ಆದರೆ ಲೈಸೆನ್ಸ್ ಇರುವ ರಿಪೇರಿಯವರು ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ನೂರು ಕಿಲೋಮೀಟರ್ ಹತ್ತಿರ. ರೈಫಲ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಕೊಂಡು, ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಬಸ್ ಹತ್ತಿದರೆ ಕಂಡಕ್ಟರ್ ನನ್ನನ್ನು ಇಳಿಸಿದ. ತಪ್ಪೇನಿಲ್ಲ ಬಿಡಿ, ನಾನಾಗಿದ್ದರೂ ಇಳಿಸುತ್ತಿದ್ದೆ. ಬಾಡಿಗೆ ಕಾರು ಮಾಡಿಕೊಂಡು ಹೋದೆ. ಎಲ್ಲರೂ ಹೋಗುತ್ತಾರಾ? ಹೋಗಲಾಗದವರು ಲೇತ್ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಬಿರುಕಿಗೆ ತಂತಿ ಸುತ್ತಿಕೊಂಡು ಹಾರಿಸುತ್ತಾರೆ. ತಂತಿ ಸುತ್ತಿದ್ದನ್ನು ನಾನೇ ನೋಡಿದ್ದೇನೆ.

ಅದೇ 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದರು. ನವೀಕರಣಕ್ಕೆ ನಾವು ಹೇಗೂ ಓಡಾಡುತ್ತೇವೆ. ಆಗ ಜಿಲ್ಲಾಡಳಿತದವರು ಲೈಸೆನ್ಸ್ ಇರುವ ರಿಪೇರಿಯವರೊಬ್ಬರನ್ನು ತುಮಕೂರಿಗೆ ಎರಡು ದಿನ ಕರೆಸಿ ಕೂರಿಸಲಿ. ಬ್ಯಾರೆಲ್ ಒಳಗೆ ನೋಡಿ, ಹಿಡಿ ಅಲ್ಲಾಡಿಸಿ ನೋಡಿ, ಇದು ಹಾರಿಸಬಹುದು, ಇದು ಬೇಡ ಅಂತ ಬರೆದುಕೊಡಲಿ. ದುಡ್ಡು ನಾವೇ ಕೊಡುತ್ತೇವೆ. ಚುನಾವಣೆಗೆ ಇಟ್ಟುಕೊಂಡಾಗ ಗೋಡೆಗೆ ಒಂದು ಮರದ ಸ್ಟ್ಯಾಂಡ್ ಹೊಡೆಸಿ ಸಾಲಾಗಿ ನಿಲ್ಲಿಸಲಿ, ನಮ್ಮ ಆಚಾರಿಗಳೇ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.

ನನ್ನ ರೈಫಲ್ ಈಗ ಅಂಗಡಿಯಲ್ಲಿದೆ. ಹೊಸ ಹಿಡಿ ಕೂರಿಸಿದ್ದಾರಂತೆ, ಅಗಸೆ ಎಣ್ಣೆ ತಿಕ್ಕಿ ತಿಕ್ಕಿ ಒಣಗಿಸುತ್ತಿದ್ದಾರೆ, ಬ್ಯಾರೆಲ್ ಇನ್ನೂ ಬಂದಿಲ್ಲ. ಕಡಲೆಕಾಯಿ ಕೀಳಲು ಇನ್ನು ಇಪ್ಪತ್ತು ದಿನ ಇದೆ. ಅಲ್ಲಿಯವರೆಗೆ ನಾನು, ನನ್ನ ಮಗ ಸರದಿ ಮೇಲೆ ಅಟ್ಟಣೆಯಲ್ಲಿ ಕೂತು ಎಣ್ಣೆ ಡಬ್ಬ ಬಡಿಯುತ್ತಿದ್ದೇವೆ.

ಇತಿ,
ಒಬ್ಬ ಕಡಲೆಕಾಯಿ ಬೆಳೆಗಾರ,
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ