ಹದಿನೈದೂವರೆ ಇಂಚಿನ ತೋಳು

ಇನ್ನೂರು ಪುಟದ ನೋಟ್‌ಬುಕ್ ಕಳೆದ ವಾರ ಮುಗಿಯಿತು. ಒಂದು ವರ್ಷ, ದಿನಕ್ಕೆ ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ನನ್ನ ರಕ್ತದೊತ್ತಡದ ಲೆಕ್ಕ. ಆ ಖುಷಿಗೆ ಅಂಗಡಿಗೆ ಬಂದವರಿಗೆಲ್ಲ ಕಾಫಿ ಕೊಟ್ಟೆ. ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಮಾರುವವನು ಇನ್ನೇನು ಕೊಟ್ಟಾನು?

ಕಳೆದ ಆಷಾಢದ ಒಂದು ರಾತ್ರಿ ಬಿಪಿ ಏರಿ ನಾನು ಹಾಸಿಗೆ ಹಿಡಿದದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅದರ ಹಿಂದಿನ ಕಥೆ. ಒಂದು ಕ್ಲಿನಿಕ್ಕಿನಲ್ಲಿ ಬಿಪಿ ನೋಡುವಾಗ, ಗಾಳಿ ತುಂಬುತ್ತಿದ್ದಂತೆ ತೋಳಿನ ಪಟ್ಟಿ ಪರ್ರನೆ ಬಿಚ್ಚಿಕೊಂಡಿತು. ಸಾಲಿನಲ್ಲಿ ಕುಳಿತವರು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಮತ್ತೆ ಅತ್ತ ಹೋಗಲಿಲ್ಲ. ಪಟ್ಟಿ ಚಿಕ್ಕದಾದರೆ ಇರುವುದಕ್ಕಿಂತ ಹೆಚ್ಚು ಅಂಕಿ ತೋರಿಸುತ್ತದೆ ಎಂದು ಆಮೇಲೆ ಎಲ್ಲೋ ಓದಿದೆ. ಅದು ನಿಜ. ಆದರೆ ಆ ನಿಜವನ್ನೇ ನೆಪ ಮಾಡಿಕೊಂಡು, ನನಗೆ ಬಿಪಿಯೇ ಇಲ್ಲವೆಂದು ತೀರ್ಪು ಕೊಟ್ಟುಕೊಂಡು ಮಾತ್ರೆ ಬಿಟ್ಟೆ. 116 ಕಿಲೋ ತೂಕದ ಬುದ್ಧಿವಂತ!

ಆ ರಾತ್ರಿ ಹೆಂಡತಿ ಹಾಸನದ ತವರಿನಲ್ಲಿದ್ದಳು. ಮರ ಬಿದ್ದು ರಸ್ತೆ ಕಟ್ಟಿದ್ದರಿಂದ ಅಣ್ಣ ಮೂಡಿಗೆರೆಯಲ್ಲೇ ಉಳಿದ. ಬಂದವರು ಅತ್ತಿಗೆ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವರು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಬಂದಿದ್ದರು. ಬೆಳಗಿನವರೆಗೆ ನನ್ನ ಮಂಚದ ಪಕ್ಕ ಕುಳಿತು, ಯಾರದೋ ಮದುವೆಯ ರವಿಕೆಗೆ ಹುಕ್ಕು ಹಾಕಿದರು. ನಾನು ಕಣ್ಣು ಬಿಟ್ಟಾಗಲೆಲ್ಲ ಸೂಜಿ ನಿಲ್ಲುತ್ತಿತ್ತು, ಮುಚ್ಚಿದರೆ ಮತ್ತೆ ಓಡುತ್ತಿತ್ತು. ಒಮ್ಮೆ ಮಾತ್ರ ಕಣ್ಣು ಮುಚ್ಚಿದ ಮೇಲೂ ಸೂಜಿ ಓಡಲಿಲ್ಲ, ಅವರು ಅಳುತ್ತಿದ್ದರು. ಇವರನ್ನು ಹೀಗೆ ಕೂರಿಸಿದವನು ನಾನೇ ಎಂದುಕೊಂಡೆ. ಅದಕ್ಕೆ ಈಗಲೂ ನನ್ನಲ್ಲಿ ಮಾತಿಲ್ಲ.

ಬೆಳಿಗ್ಗೆ ಕ್ಲಿನಿಕ್ಕಿನ ಪ್ರಸಂಗ ಹೇಳಿದೆ. ಅವರು ಟೇಪ್ ತೆಗೆದು ನನ್ನ ತೋಳು ಸುತ್ತಿದರು. "ಹದಿನೈದೂವರೆ ಇಂಚು. ರವಿಕೆ ಬಿಗಿಯಾದರೆ ನಾನು ಗಿರಾಕಿಯನ್ನು ಬೈಯುತ್ತೇನೆಯೇ? ಬಿಚ್ಚಿ ಹೊಲಿಯುತ್ತೇನೆ" ಎಂದರು. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಮೊದಲು ತೋರಿಸಿದ ಪಟ್ಟಿಯ ಮೇಲೆ 22–32 ಸೆಂಟಿಮೀಟರ್ ಎಂದಿತ್ತು. ನನ್ನದು 39. ದೊಡ್ಡ ಪಟ್ಟಿ ತರಿಸಿಕೊಡುವವರೆಗೆ ಅವರು ಅಂಗಡಿಯವನನ್ನು ಬಿಡಲಿಲ್ಲ.

ಅಂದಿನಿಂದ ಮಾತ್ರೆಗೆ ಮೊದಲು, ಕಾಫಿಗೂ ಮೊದಲು ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಕೂರುತ್ತೇನೆ. ಇವುಗಳಲ್ಲಿ ಕಾಫಿಗೆ ಕಾಯುವುದಕ್ಕಿಂತ ಕಷ್ಟವಾದದ್ದು ಮಾತಾಡದಿರುವುದು. ಮನೆಯ ಸರಾಸರಿ 135/85ರ ಕೆಳಗಿರಬೇಕು, ಆಸ್ಪತ್ರೆಯ 140/90ರ ಲೆಕ್ಕ ಮನೆಗಲ್ಲ ಎಂದು ಡಾಕ್ಟರು ಹೇಳಿದ್ದರು. ದೀಪಾವಳಿಯ ಮರುದಿನ ಮೇಲಿನ ಅಂಕಿ 158 ಬಂತು. ಹಪ್ಪಳ, ಉಪ್ಪಿನಕಾಯಿಯ ನೆನಪಾಗಿ ನಾಚಿಕೆಯಿಂದ 128 ಎಂದು ಬರೆದೆ. ಯಂತ್ರಕ್ಕೆ ನೆನಪಿನ ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ, ಅತ್ತಿಗೆಗೆ ಗೊತ್ತಿತ್ತು. ಗುಂಡಿ ಒತ್ತಿ ನೋಡಿದರು, ನನ್ನ ಅಂಕಿಯ ಮೇಲೆ ಗೆರೆ ಎಳೆದು 158 ಎಂದು ಬರೆದರು, ಬೈಯದೆ ಎದ್ದು ಹೋದರು. ಬೈದಿದ್ದರೆ ಮತ್ತೊಮ್ಮೆ ಸುಳ್ಳು ಬರೆಯುತ್ತಿದ್ದೆನೇನೋ.

ಗೊರಕೆಯ ಬಗ್ಗೆಯೂ ವಿಚಾರಿಸಿ ನಿದ್ರೆಯ ಪರೀಕ್ಷೆ ಮಾಡಿಸಿದ ಡಾಕ್ಟರಿಗೆ, ಸಾರಿನಲ್ಲಿ ಉಪ್ಪು ಕಡಿಮೆ ಮಾಡಿ ನನ್ನ ಮುಖ ಸಹಿಸಿದ ಹೆಂಡತಿಗೆ, ಸಂಜೆ ನಡಿಗೆಗೆ ಎಳೆದೊಯ್ದ ಗೆಳೆಯರಿಗೆ, ಅಂಗಡಿ ನಡೆಸಿದ ಹುಡುಗರಿಗೆ ನಾನು ಋಣಿ. ಈಗ ತೂಕ 108. ಈ ತಿಂಗಳ ಸರಾಸರಿ 131/82, ಮಾತ್ರೆ ಮುಂದುವರಿದಿದೆ.

ಅತ್ತಿಗೆ, ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ತೋಳಿನ ಅಳತೆಯನ್ನು ನೀವೇ ಬರೆಯಬೇಕು. ಬರುವಾಗ ಟೇಪ್ ತನ್ನಿ.