ಆ ಜಾಗ ‘ಅಲ್ಲೇ’ ಇರಲಿಲ್ಲ, 19 ಚೈನು ಆಚೆಗಿತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಂದು ಸಾಲು ಓದಿದೆ: ‘ನ್ಯೂಯಾರ್ಕ್‌ನಲ್ಲಿ ಅವಳಿ ಗೋಪುರ ಬಿದ್ದ ಜಾಗದಲ್ಲೇ ಮಸೀದಿ ಕಟ್ಟಿದ್ದಾರೆ.’ ನಮ್ಮ ವಾಕಿಂಗ್ ಗುಂಪಿನ ವಾಟ್ಸಾಪ್‌ನಲ್ಲೂ ಈ ಮಾತು ಪ್ರತಿ ಸೆಪ್ಟೆಂಬರ್‌ಗೆ ಮಳೆಹುಳದ ಹಾಗೆ ಏಳುತ್ತದೆ. ಅಲ್ಲಿ ನಾನು ಸುಮ್ನೆ ಇದ್ದುಬಿಡುತ್ತೇನೆ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಸುಮ್ಮನಿರಲು ಆಗಲಿಲ್ಲ. ‘ಜಾಗದಲ್ಲೇ’ ಅನ್ನುವುದು ತಪ್ಪು. ‘ಕಟ್ಟಿದ್ದಾರೆ’ ಅನ್ನುವುದು ಇನ್ನೂ ದೊಡ್ಡ ತಪ್ಪು.

ನಾನು ಸರ್ವೇ ಇಲಾಖೆಯಲ್ಲಿ 34 ವರ್ಷ ಚೈನು ಎಳೆದವನು. ಇದನ್ನು ಹೇಳಲು ನನಗೆ ಬೇರೆ ಅರ್ಹತೆ ಇಲ್ಲ, ಆದರೆ ಆ ಜಾಗವನ್ನು ಅಳೆದಿದ್ದೇನೆ.

2010ರಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ನ್ಯೂಯಾರ್ಕ್‌ನ ನದಿಯಾಚೆಯ ಜೆರ್ಸಿ ಸಿಟಿಗೆ ಹೋಗಿದ್ದೆವು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಬೆಳಗ್ಗೆ ಕಾಫಿ ಕುಡಿದು ಟೀವಿ ಮುಂದೆ ಕೂತರೆ ಯಾವ ಚಾನೆಲ್ ಹಾಕಿದರೂ ಇದೇ ಸುದ್ದಿ, ‘ಗ್ರೌಂಡ್ ಝೀರೋ ಮಸೀದಿ’. ಗ್ರೌಂಡ್ ಝೀರೋ ಅಂದರೆ ಅವಳಿ ಗೋಪುರ ಬಿದ್ದ ಜಾಗ. ಒಬಾಮ ಇಫ್ತಾರ್ ಕೂಟದಲ್ಲಿ, ಖಾಸಗಿ ಜಾಗದಲ್ಲಿ ಕಟ್ಟಿಕೊಳ್ಳುವ ಹಕ್ಕು ಮುಸ್ಲಿಮರಿಗಿದೆ ಅಂದರು. ಮಾರನೇ ದಿನವೇ, ಅಲ್ಲಿ ಕಟ್ಟುವುದು ಜಾಣತನವೋ ಅಲ್ಲವೋ ಅಂತ ನಾನು ಹೇಳಲಿಲ್ಲ ಅಂದರು. ಮೇಯರ್ ಬ್ಲೂಮ್‌ಬರ್ಗ್ ಮಾತ್ರ ಪರವಾಗಿ ಗಟ್ಟಿಯಾಗಿ ನಿಂತಿದ್ದರು. ಎದುರು ಪಕ್ಷದ ಗಿಂಗ್ರಿಚ್, ಸೌದಿಯಲ್ಲಿ ಚರ್ಚು ಕಟ್ಟಲು ಬಿಡುವವರೆಗೆ ಇಲ್ಲಿ ಮಸೀದಿ ಬೇಡ ಅನ್ನುತ್ತಿದ್ದರು. ನ್ಯೂಯಾರ್ಕ್‌ನವನು ಸೌದಿಯ ದೊರೆಗೆ ಯಾಕೆ ಜಾಮೀನು ನಿಲ್ಲಬೇಕೋ ನನಗಂತೂ ತಿಳಿಯಲಿಲ್ಲ. ನಾಲ್ಕು ದಿನ ನೋಡಿ ಅಳಿಯನಿಗೆ ಹೇಳಿದೆ, ‘ಇವರು ಯಾರೂ ಸ್ಥಳ ತನಿಖೆ ಮಾಡಿದ ಹಾಗೆ ಕಾಣಿಸುತ್ತಿಲ್ಲ.’ ಅವನು ನಕ್ಕು, ‘ನೀವೇ ಮಾಡ್ಕೊಂಡು ಬನ್ನಿ ಮಾವ, ಪಾತ್ ರೈಲು ಅಲ್ಲಿಗೇ ಹೋಗತ್ತೆ’ ಅಂದ.

ಹೋದೆ. ಆಗಸ್ಟ್ 20, ಶುಕ್ರವಾರ, ರಂಜಾನ್ ತಿಂಗಳು. ರೈಲಿಳಿದು ವೆಸೀ ಸ್ಟ್ರೀಟಿಗೆ ಬಂದರೆ ಅದೇ ಗ್ರೌಂಡ್ ಝೀರೋದ ಬಡಗಣ ಅಂಚು. ಒಳಗೆಲ್ಲ ಕ್ರೇನು, ಸುತ್ತ ಬೇಲಿ. ಆ ಬೇಲಿಗೆ ಬೆನ್ನು ಕೊಟ್ಟು ಎಣಿಸಲು ಶುರು ಮಾಡಿದೆ. ನನ್ನ ಹೆಜ್ಜೆ ಎರಡೂವರೆ ಅಡಿ, ಇಲಾಖೆಯಲ್ಲಿ ಇದ್ದಾಗಿನಿಂದ ಅದು ಬದಲಾಗಿಲ್ಲ. ಬಾರ್‌ಕ್ಲೇ ಸ್ಟ್ರೀಟ್ ದಾಟಿ ಪಾರ್ಕ್ ಪ್ಲೇಸ್ ಅನ್ನುವ ರಸ್ತೆಗೆ ತಿರುಗಿ, ಮಸೀದಿ ಬರುತ್ತದೆ ಅನ್ನುತ್ತಿದ್ದ ಕಟ್ಟಡದ ಬಾಗಿಲು ಮುಟ್ಟುವಾಗ 248 ಹೆಜ್ಜೆ. ಅಂದರೆ 620 ಅಡಿ. ನಮ್ಮ 33 ಅಡಿ ಚೈನಿನ ಲೆಕ್ಕದಲ್ಲಿ 19 ಚೈನಿಗೆ ಸ್ವಲ್ಪ ಕಮ್ಮಿ.

ಅಭ್ಯಾಸ ಬಲ, ಚಕ್ಕುಬಂದಿಯನ್ನೂ ಬರೆದುಕೊಂಡೆ. ಮೂಡಲಿಗೆ 43ನೇ ನಂಬರಿನ ಬಾರು, ಅದರಾಚೆ ಚರ್ಚ್ ಸ್ಟ್ರೀಟ್. ಪಡುವಲಿಗೆ ಪಕ್ಕದ ಕಟ್ಟಡ, ಆ ಕಡೆ ವೆಸ್ಟ್ ಬ್ರಾಡ್‌ವೇ. ತೆಂಕಲಿಗೆ ಪಾರ್ಕ್ ಪ್ಲೇಸ್ ರಸ್ತೆ. ಬಡಗಲಿಗೆ ಮರ್ರೇ ಸ್ಟ್ರೀಟ್ ಕಡೆಯ ಕಟ್ಟಡಗಳ ಬೆನ್ನು. ಬಾಗಿಲಲ್ಲಿ ನಿಂತು ಗೋಪುರದ ಜಾಗ ಕಾಣುತ್ತದಾ ಅಂತ ಕತ್ತು ಉದ್ದ ಮಾಡಿ ನೋಡಿದೆ. ಕಾಣುವುದಿಲ್ಲ. ನಡುವೆ ಎತ್ತರದ ಕಟ್ಟಡಗಳಿವೆ.

ಅದು 1850ರ ದಶಕದ ಐದು ಮಹಡಿಯ ಹಳೇ ಕಟ್ಟಡ. ಮೊದಲು ಅಲ್ಲಿ ಕೋಟು ಮಾರುವ ಬರ್ಲಿಂಗ್ಟನ್ ಅಂಗಡಿ ಇತ್ತು. 2001ರ ಸೆಪ್ಟೆಂಬರ್ 11ರಂದು ವಿಮಾನದ ಚಕ್ರದ ಭಾಗ ಅದರ ಚಾವಣಿ ತೂತು ಮಾಡಿಕೊಂಡು ಒಳಗೆ ಬಿತ್ತು. ಅಂಗಡಿ ಮುಚ್ಚಿತು. ಎಂಟು ವರ್ಷ ಯಾರಿಗೂ ಬೇಡವಾಗಿ ನಿಂತಿದ್ದ ಅದನ್ನು 2009ರಲ್ಲಿ ಶರೀಫ್ ಎಲ್-ಗಮಾಲ್ ಅನ್ನುವ ಬಿಲ್ಡರ್‌ನ ಕಂಪನಿ 48.5 ಲಕ್ಷ ಡಾಲರ್‌ಗೆ ಕೊಂಡಿತು. ಇಮಾಮ್ ಫೈಸಲ್ ಅಬ್ದುಲ್ ರವೂಫ್ ಜೊತೆ ಸೇರಿ ಹಾಕಿದ ಯೋಜನೆಯಲ್ಲಿ 13 ಮಹಡಿ. ಈಜುಕೊಳ, 500 ಸೀಟಿನ ಸಭಾಂಗಣ, ಬ್ಯಾಸ್ಕೆಟ್‌ಬಾಲ್ ಅಂಕಣ, ಅಡುಗೆ ಕಲಿಸುವ ಶಾಲೆ, ಸತ್ತವರ ನೆನಪಿಗೆ ಒಂದು ಸ್ಮಾರಕ, ಇವುಗಳ ಜೊತೆ ನಮಾಜಿನ ಜಾಗ. ಈ ರವೂಫ್ ಅಲ್ಲಿಂದ ಹತ್ತು-ಹನ್ನೆರಡು ಬ್ಲಾಕ್ ದೂರದ ಮಸೀದಿಯಲ್ಲಿ 1983ರಿಂದ 2009ರವರೆಗೆ ಇಮಾಮ್ ಆಗಿದ್ದವರು. ಇನ್ನೊಂದು ಮಸೀದಿ ಅಲ್ಲೇ ಹತ್ತಿರದಲ್ಲಿ 1970ರಿಂದ ಇದೆ. ಅಷ್ಟೇಕೆ, ಬಿದ್ದುಹೋದ ದಕ್ಷಿಣ ಗೋಪುರದ 17ನೇ ಮಹಡಿಯಲ್ಲೇ ನಮಾಜಿನ ಕೋಣೆ ಇತ್ತು.

ನಾನು ಹೋದಾಗ ನಮಾಜಿನ ಹೊತ್ತು. ಹೊಸ ಕಟ್ಟಡದ ಒಂದು ಕಲ್ಲೂ ಬಿದ್ದಿರಲಿಲ್ಲ, ಹಳೇ ಅಂಗಡಿಯೊಳಗೇ ಶುಕ್ರವಾರದ ಪ್ರಾರ್ಥನೆ ನಡೆಯುತ್ತಿತ್ತು. ಕೋಟು-ಟೈ ಹಾಕಿದವರು, ತಳ್ಳುಗಾಡಿಯಲ್ಲಿ ತಿಂಡಿ ಮಾರುವವರು, ಟ್ಯಾಕ್ಸಿಯವರು ಗಡಿಬಿಡಿಯಲ್ಲಿ ಒಳಗೆ ಹೋಗಿ, ಮುಗಿದ ಕೂಡಲೇ ಅಷ್ಟೇ ಗಡಿಬಿಡಿಯಲ್ಲಿ ಹೊರಗೆ ಬಂದರು. ಒಬ್ಬ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಕೆನ್ನೆಗೂ ಭುಜಕ್ಕೂ ಮಧ್ಯೆ ಫೋನು ಸಿಕ್ಕಿಸಿಕೊಂಡು ‘ಐದು ನಿಮಿಷ, ಬಂದೆ’ ಅಂತ ಆಫೀಸಿಗೆ ಹೇಳುತ್ತಿದ್ದ. ಊರೆಲ್ಲ ಕೂಗಾಡುತ್ತಿದ್ದ ಮಸೀದಿ ಅವತ್ತು ನನಗೆ ಕಂಡಿದ್ದು ಇಷ್ಟು.

ಭಾನುವಾರ ಮತ್ತೆ ಹೋದೆ. ಅವತ್ತು ದೊಡ್ಡ ಪ್ರತಿಭಟನೆ. ಜಿಟಿಜಿಟಿ ಮಳೆ. ಪೊಲೀಸರು ಅಡ್ಡಗಟ್ಟೆ ಹಾಕಿ ಪರ-ವಿರೋಧದವರನ್ನು ಬೇರೆ ಬೇರೆ ನಿಲ್ಲಿಸಿದ್ದರು. ರಕ್ತ ಸೋರುವ ಹಾಗೆ ಕೆಂಪು ಅಕ್ಷರದಲ್ಲಿ ‘ಶರಿಯಾ’ ಅಂತ ಬರೆದ ಬೋರ್ಡುಗಳಿದ್ದವು. ಅಂಥದ್ದೇ ಬೋರ್ಡು ಹಿಡಿದ ಒಬ್ಬ ದೂರದ ರಾಜ್ಯದಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದನಂತೆ. ನನ್ನನ್ನೇ ಕೇಳಿದ, ‘ಆ ಮಸೀದಿ ಎಲ್ಲಿದೆ?’ ಅವನು ಕೂಗುತ್ತಿದ್ದದ್ದು ಎದುರು ಸಾಲಿನ ಒಂದು ಆಫೀಸಿನ ಕಡೆಗೆ. ತೋರಿಸಿಕೊಟ್ಟೆ. ‘ಅದಾ?’ ಅಂದವನ ಮುಖ ಸಪ್ಪಗಾಯಿತು. ಗುಮ್ಮಟ ಹುಡುಕುತ್ತಿದ್ದ ಅಂತ ಕಾಣುತ್ತದೆ.

ಅವತ್ತೇ ಇನ್ನೊಂದು ನಡೆದಿತ್ತು. ತಲೆಗೆ ಬಿಳಿ ಟೋಪಿಯಂಥದ್ದು ಹಾಕಿದ್ದ ಒಬ್ಬ ಕಪ್ಪು ಮನುಷ್ಯ ಆ ಗುಂಪಿನ ನಡುವೆ ಹಾದುಹೋದ. ಮುಸ್ಲಿಮ್ ಅಂದುಕೊಂಡು ಜನ ಅವನ ಮೇಲೆ ಮುಗಿಬಿದ್ದರು. ನೋಡಿದರೆ ಅವನು ಮುಸ್ಲಿಮನೇ ಅಲ್ಲ. ಗ್ರೌಂಡ್ ಝೀರೋದಲ್ಲೇ ಕೆಲಸ ಮಾಡುವ ಬಡಗಿ! ಆ ವಿಡಿಯೋವನ್ನು ಅಳಿಯ ಆಮೇಲೆ ತೋರಿಸಿದ.

ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅದೇ ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ನಿಂತಿದ್ದರು, ನನ್ನ ಹೆಂಡತಿಯ ವಯಸ್ಸು. ಪ್ಲಾಸ್ಟಿಕ್ ಕವರಿನೊಳಗೆ ಮಗನ ಫೋಟೋ. ಕೂಗುತ್ತಿರಲಿಲ್ಲ. ಕವರಿನ ಮೇಲೆ ಬಿದ್ದ ಹನಿಯನ್ನು ಆಗಾಗ ತೋಳಿನಿಂದ ಒರೆಸುತ್ತಿದ್ದರು. ಕೊಡೆ ಹಿಡಿದೆ. ನನ್ನ ಸರ್ಕಾರಿ ಇಂಗ್ಲಿಷಿನಲ್ಲಿ ದೂರದ ಲೆಕ್ಕ ಹೇಳಿದೆ, ಬುದ್ಧಿಗೇಡಿ ನಾನು. ಅವರು ಬೇಜಾರಾಗಲಿಲ್ಲ. ಮಗನದು ಒಂದು ಮೂಳೆಯೂ ಸಿಗಲಿಲ್ಲ, ವಿಮಾನದ ಚೂರು ಇಲ್ಲಿಯವರೆಗೆ ಹಾರಿ ಬಿದ್ದಿದೆ ಅಂದಮೇಲೆ ಅವನೂ ಇಲ್ಲೇ ಎಲ್ಲೋ ಇರಬಹುದಲ್ಲ ಅಂದರು. ಅದಕ್ಕೆ ನನ್ನ ಫೀಲ್ಡ್ ಬುಕ್‌ನಲ್ಲಿ ಕಾಲಮ್ ಇರಲಿಲ್ಲ. ಆ ಊರಲ್ಲಿ ಸತ್ತವರು 2,753 ಜನ. ಅವರಲ್ಲಿ ಸಾವಿರಕ್ಕೂ ಜಾಸ್ತಿ ಮಂದಿಯ ಗುರುತು ಸಿಕ್ಕಿರಲಿಲ್ಲ. ಹಾಗೆ ಕಳೆದುಕೊಂಡವರಲ್ಲೂ ಕಟ್ಟಲಿ ಅಂದವರಿದ್ದರು, ಬೇಡ ಅಂದವರಿದ್ದರು. ಆ ತಾಯಿ ಬೇಡ ಅಂದರೆ ಅದನ್ನು ದ್ವೇಷ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಆ ಜಾಗ ಇಂಚಿಂಚು ಗೊತ್ತಿತ್ತು. ಬೋರ್ಡಿನವನಿಗೆ ರಸ್ತೆಯ ಯಾವ ಬದಿ ಅನ್ನುವುದೂ ಗೊತ್ತಿರಲಿಲ್ಲ.

ಕಾನೂನಿನ ಪ್ರಕಾರ ಕಟ್ಟಲು ಅಡ್ಡಿ ಇರಲಿಲ್ಲ. ಆ ಹಳೇ ಕಟ್ಟಡದ ಖಾತೆ ಬಿಲ್ಡರ್ ಕಂಪನಿಯದ್ದು. ಮೇ ತಿಂಗಳಲ್ಲಿ ಆ ಬಡಾವಣೆಯ ಸಮುದಾಯ ಮಂಡಳಿ 29-1 ಮತದಲ್ಲಿ ಬೆಂಬಲ ಕೊಟ್ಟಿತ್ತು, ಹತ್ತು ಜನ ತಟಸ್ಥ. ಹಳೇ ಕಟ್ಟಡವನ್ನು ಪಾರಂಪರಿಕ ಅಂತ ಘೋಷಿಸಿ ಕೆಡವದಂತೆ ತಡೆಯಿರಿ ಅನ್ನುವ ಬೇಡಿಕೆಯನ್ನು ಆಗಸ್ಟ್ 3ರಂದು ನಗರದ ಪಾರಂಪರಿಕ ಕಟ್ಟಡಗಳ ಆಯೋಗ 9-0ರಲ್ಲಿ ತಳ್ಳಿಹಾಕಿತ್ತು. ಸಮೀಕ್ಷೆಗಳು ಬಂದವು. ಮ್ಯಾನ್‌ಹ್ಯಾಟನ್‌ನಲ್ಲಿ ವಾಸ ಮಾಡುವವರಲ್ಲಿ ವಿರೋಧ ಕಮ್ಮಿ, ದೂರ ಹೋದಷ್ಟೂ ಜಾಸ್ತಿ! ನಮ್ಮ ಪಾವಗಡದ ಕಡೆ ಒಂದು ಹಳ್ಳಿಯಲ್ಲಿ ದೇವರ ಮಾನ್ಯದ ಹೊಲಕ್ಕೂ ಖಬರಸ್ತಾನಕ್ಕೂ ಹದ್ದಿನ ಜಗಳ ಬಿದ್ದಾಗ ಇದನ್ನೇ ನೋಡಿದ್ದೆ. ಪಕ್ಕದ ಹೊಲದವರು ತೆಪ್ಪಗಿದ್ದರು, ಮೂರು ಊರಾಚೆಯವರು ಟ್ರ್ಯಾಕ್ಟರ್ ತುಂಬಿಕೊಂಡು ಬಂದಿದ್ದರು. ಜಾಲಿ ಪೊದೆ ಕಡಿಸಿದೆ, ಬಾಂದುಕಲ್ಲು ಸಿಕ್ಕಿತು. ಟ್ರ್ಯಾಕ್ಟರಿನವರು ಅದನ್ನು ನೋಡಲು ಇಳಿಯಲೂ ಇಲ್ಲ.

ಇನ್ನು ‘ಕಟ್ಟಿದ್ದಾರೆ’ ಅನ್ನುವ ಮಾತು. ಕಟ್ಟಲೇ ಇಲ್ಲ ಸ್ವಾಮಿ. ದುಡ್ಡು ಕೂಡಲಿಲ್ಲ, ಇಮಾಮರಿಗೂ ಬಿಲ್ಡರಿಗೂ ಹೊಂದಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಅದೇ ಹಳೇ ಕಟ್ಟಡದಲ್ಲಿ ಮಕ್ಕಳ ಫೋಟೋ ಪ್ರದರ್ಶನ ಇಟ್ಟು ಕೇಂದ್ರ ಶುರು ಮಾಡಿದರು. ಅದು ಹೆಚ್ಚು ದಿನ ಬಾಳಲಿಲ್ಲ. ಆಮೇಲೆ ಕಟ್ಟಡವನ್ನೇ ಕೆಡವಿದರು. 2019ರಲ್ಲಿ ಮೊಮ್ಮಗನನ್ನು, ಅದೇ ಬಾಣಂತನದ ಕೂಸನ್ನು, ಕೈ ಹಿಡಿದುಕೊಂಡು ಹೋಗಿ ನೋಡಿದೆ. ಅವಳಿ ಗೋಪುರ ಇದ್ದಲ್ಲಿ ಎರಡು ನೀರಿನ ಕೊಳ, ಅಂಚಿನ ಕಂಚಿನ ಮೇಲೆ ಸತ್ತವರ ಹೆಸರು. ಅಲ್ಲಿಂದ ಪಾರ್ಕ್ ಪ್ಲೇಸಿಗೆ ಹೋದರೆ 40ಕ್ಕೂ ಹೆಚ್ಚು ಮಹಡಿಯ ಗಾಜಿನ ಗೋಪುರ ಎದ್ದಿತ್ತು. ಶ್ರೀಮಂತರಿಗೆ ಫ್ಲ್ಯಾಟು. ಕೆಲಸ ಇನ್ನೂ ಮುಗಿದಿರಲಿಲ್ಲ. ಎದುರಿಗೆ ಒಬ್ಬನೇ ಒಬ್ಬ ಪ್ರತಿಭಟನೆ ಮಾಡುವವನೂ ಇರಲಿಲ್ಲ.

ಆದ್ದರಿಂದ ದಯವಿಟ್ಟು ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ, ಸಣ್ಣ ಅಕ್ಷರದಲ್ಲಾದರೂ ಪರವಾಗಿಲ್ಲ. ನನ್ನ ಟಿಪ್ಪಣಿ ಪುಸ್ತಕದ ಹಾಳೆಯ ಫೋಟೋ ಜೊತೆಗಿಟ್ಟಿದ್ದೇನೆ. ಶುಕ್ರವಾರದ ಎಣಿಕೆ 248, ಭಾನುವಾರ ವಾಪಸ್ ಬರುವಾಗಿನದು 251. ಮಳೆ ಹನಿ ಬಿದ್ದು ಐದರ ಅಂಕಿ ಸ್ವಲ್ಪ ಕದಡಿದೆ. ಅದು ಐದೇ.

ಇತಿ,
ನಿವೃತ್ತ ಸರ್ವೇಯರ್, ತುಮಕೂರು